ಮೆಮೋರಿಯಲ್ ಡೇ ಮೆರವಣಿಗೆಯ ಜೀಪಿಗೆ ಸರ್ಕಾರದ ಗಾಡಿ ನಿಯಮ ಬೈಯುವ ಬ್ಯಾನರ್ ಕಟ್ಟಬಹುದಾ?

ಕಾರ್ಬುರೇಟರ್ ಭಟ್ಟ ಕೇಳಿದ್ದು:

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿ ಕಡೆ ಹಳೇ ಮಿಲಿಟರಿ ಗಾಡಿಗಳ ಒಂದು ಸಣ್ಣ ಕ್ಲಬ್ ಇದೆ. ಅದರಲ್ಲಿ ನಾನೂ ಒಬ್ಬ. ಕನ್ನಡದವನು ನಾನೊಬ್ಬನೇ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಅಲ್ಲಿ ಕೇಳಿದರೆ ಜಗಳ ಗ್ಯಾರಂಟಿ.

ಪ್ರತಿ ವರ್ಷ ಮೇ ತಿಂಗಳ ಕೊನೆಯ ಸೋಮವಾರ, ಅಂದರೆ ಯುದ್ಧಗಳಲ್ಲಿ ಸತ್ತ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ದಿನ, ಊರಿನ ಮೆರವಣಿಗೆಯಲ್ಲಿ ನಮ್ಮ ಗಾಡಿಗಳು ಹೋಗುತ್ತವೆ. ಈ ಸಲ 1943ರ ವಿಲ್ಲಿಸ್ ಜೀಪ್ ಓಡಿಸುವ ಕೆಲಸ ನನಗೆ ಬಂದಿದೆ. ಗಾಡಿ ನನ್ನದಲ್ಲ, ಕ್ಲಬ್‌ನ ಹಿರಿಯರೊಬ್ಬರದು. ಅವರಿಗೆ ಈಗ ಕ್ಲಚ್ ತುಳಿಯಲು ಮಂಡಿ ಬಿಡುವುದಿಲ್ಲ. ಅವರು ಪಕ್ಕದಲ್ಲಿ ಕೂರುತ್ತಾರೆ, ನಾನು ಓಡಿಸುತ್ತೇನೆ. ಈ ಜೀಪ್ ಓಡಿಸೋದು ಅಂದರೆ ಅದೊಂದು ಬೇರೆಯೇ ಮಜಾ. ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೇ ಇದೆ. ತುಂಬಿಸಬೇಕಾದರೆ ಇಳಿದು ಕುಶನ್ ಎತ್ತಬೇಕು. ಸ್ಟಾರ್ಟರ್ ಕಾಲಲ್ಲಿ ಒತ್ತುವುದು. ಟ್ಯಾಂಕಿನ ಮೇಲೆ ಕೂತು ಗುಂಡಿನ ಮಧ್ಯೆ ಓಡಿಸಿದ ಹುಡುಗರು ಏನಂದುಕೊಂಡಿದ್ದರೋ ಅಂತ ಸೀಟ್ ಎತ್ತಿದಾಗಲೆಲ್ಲ ಯೋಚನೆ ಬರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಆ ಹಿರಿಯರ ಅಣ್ಣ ವಿಯೆಟ್ನಾಂನಲ್ಲಿ ಸತ್ತರು. ಪ್ರತಿ ವರ್ಷ ಬಾನೆಟ್ ಮೇಲೆ ಅಣ್ಣನ ಫೋಟೋ ಇಡುತ್ತಾರೆ. ಈ ವರ್ಷ ಫೋಟೋ ಜೊತೆ ಎರಡೂ ಬದಿಗೆ ಬ್ಯಾನರ್ ಬೇಕಂತೆ. ಅದರ ಸಾರಾಂಶ ಇಷ್ಟು: ಇವರು ಸತ್ತಿದ್ದು ಸ್ವಾತಂತ್ರ್ಯಕ್ಕೆ, ನಾನು ಯಾವ ಗಾಡಿ ಓಡಿಸಬೇಕು ಅಂತ ಸರ್ಕಾರ ಹೇಳೋದಕ್ಕಲ್ಲ. 2035ರ ಹೊತ್ತಿಗೆ ಹೊಸ ಪೆಟ್ರೋಲ್ ಕಾರು ಮಾರಬಾರದು ಅನ್ನುವ ರಾಜ್ಯದ ನಿಯಮ, ಸ್ಮಾಗ್ ತಪಾಸಣೆ (ಗಾಡಿಯ ಹೊಗೆ ಪರೀಕ್ಷೆ), ಮುಂದೆ ಬರಲಿರುವ, ಓಡಿಸದಂತೆ ಗಾಡಿಯೇ ತಡೆಯುವ 'ಕಿಲ್ ಸ್ವಿಚ್', ಎಲ್ಲದರ ಮೇಲಿನ ಸಿಟ್ಟೂ ಅದೊಂದು ಬಟ್ಟೆಯಲ್ಲಿದೆ.

ಸಿಟ್ಟು ನನಗೂ ಇದೆ, ಸುಳ್ಳು ಹೇಳುವುದಿಲ್ಲ. ನನ್ನದೊಂದು 1978ರ ಪಿಕಪ್ ಇದೆ. ಕಳೆದ ಸಲ ಸ್ಮಾಗ್‌ಗೆ ತಗೊಂಡು ಹೋದರೆ ಮೊದಲನೇ ಸ್ಟೇಷನ್‌ನಲ್ಲಿ ಇಷ್ಟು ಹಳೇ ಗಾಡಿ ಮುಟ್ಟೋದಿಲ್ಲ ಅಂದರು. 2000ಕ್ಕಿಂತ ಹಿಂದಿನ ಗಾಡಿಗಳಿಗೆ ಬೇರೆಯೇ ಯಂತ್ರ ಬೇಕು, ಅದು ಅವರ ಹತ್ತಿರ ಇರಲಿಲ್ಲ. ಯಂತ್ರ ಇದ್ದ ಕಡೆ ಹೋದೆ. ಹೊಗೆ ಮಿತಿಯೊಳಗೇ ಬಂತು, ಆದರೂ ಫೇಲ್. ಯಾಕೆ ಗೊತ್ತಾ? ಏರ್ ಕ್ಲೀನರ್‌ಗೆ ಬಿಸಿಗಾಳಿ ತರುವ ಒಂದು ತಗಡಿನ ಕೊಳವೆ ಇರಲಿಲ್ಲ. ಕಣ್ಣಲ್ಲಿ ನೋಡಿ ಮಾಡುವ ತಪಾಸಣೆಯಲ್ಲಿ ಕಂಪನಿ ಕೊಟ್ಟ ಭಾಗ ಒಂದು ಕಾಣದಿದ್ದರೂ ಕಥೆ ಮುಗೀತು. ಆ ಕೊಳವೆ ಹುಡುಕಲು ನಾನು ಪಟ್ಟ ಪಾಡು ಬೇಡ ಬಿಡಿ.

ಆದರೂ ಆ ಬ್ಯಾನರ್ ನೋಡಿದಾಗ ಹೊಟ್ಟೆಯೊಳಗೆ ಏನೋ ಸಂಕಟ. ಅಣ್ಣನನ್ನು ಕಳಕೊಂಡವರು ಅವರು. ಅವರಿಗೆ ಬೇಡ ಅನ್ನಲು ನಾನ್ಯಾರು? ಆದರೆ ಸ್ಟಿಯರಿಂಗ್ ಹಿಡಿದಿರುವುದು ನಾನು ಅಲ್ವಾ. ಏನು ಮಾಡಲಿ?

---

ಹಳೇ ಬೂಟು ಉತ್ತರಿಸಿದ್ದು:

ಭಟ್ರೇ, ನಾನು ಇಲ್ಲಿನ ಸೈನ್ಯದಲ್ಲಿದ್ದು ಹೊರಬಂದವನು. ನನ್ನ ಅಭಿಪ್ರಾಯ ನೇರ: ಬ್ಯಾನರ್ ಬೇಡ, ಆ ದಿನ ಬೇಡ.

ಇಲ್ಲಿ ಎಷ್ಟೋ ವರ್ಷ ಇದ್ದವರೂ ಮೆಮೋರಿಯಲ್ ಡೇ, ವೆಟರನ್ಸ್ ಡೇ ಎರಡನ್ನೂ ಕಲಸುತ್ತಾರೆ. ನವೆಂಬರ್ 11 ಸೇವೆ ಮಾಡಿದ ಎಲ್ಲರದ್ದು. ಅವತ್ತು ನನಗೆ ಶುಭಾಶಯ ಹೇಳಿ, ಬ್ಯಾನರ್ ಕಟ್ಟಿ, ಬೇಕಾದರೆ ನಾನೂ ಒಂದು ತುದಿ ಹಿಡಿಯುತ್ತೇನೆ. ಮೇ ತಿಂಗಳದ್ದು ವಾಪಸ್ ಬರದವರದ್ದು ಮಾತ್ರ. ಅವತ್ತು ಬಾವುಟ ಮಧ್ಯಾಹ್ನ 12ರವರೆಗೆ ಅರ್ಧಕ್ಕೆ, ಆಮೇಲೆ ತುದಿಗೆ. ಮೂರು ಗಂಟೆಗೆ ಒಂದು ನಿಮಿಷ ಸುಮ್ಮನಿರಿ ಅಂತ 2000ದಲ್ಲಿ ಕಾಂಗ್ರೆಸ್ ಕಾನೂನನ್ನೇ ಮಾಡಿದೆ. ಸೇಲ್‌ನಲ್ಲಿ ಹಾಸಿಗೆ ಕೊಳ್ಳುವ ಗಡಿಬಿಡಿಯಲ್ಲಿ ಯಾರೂ ಸುಮ್ಮನಿರೋದಿಲ್ಲ, ಅದು ಬೇರೆ ಮಾತು.

ಇನ್ನೊಂದು. "ಅವರು ಸತ್ತಿದ್ದು ಇದಕ್ಕೆ" ಅನ್ನುವ ವಾಕ್ಯ ನನಗೆ ಆಗಿಬರೋದಿಲ್ಲ. ಇರಾಕ್‌ನಲ್ಲಿ, ಅಫ್ಘಾನಿಸ್ತಾನದಲ್ಲಿ ಇಂಧನದ ಟ್ಯಾಂಕರ್‌ಗಳಿಗೆ ಕಾವಲು ಹೋಗಿ ರಸ್ತೆ ಬದಿಯ ಬಾಂಬ್‌ಗೆ ಸತ್ತವರಿದ್ದಾರೆ. ಎಲೆಕ್ಟ್ರಿಕ್ ಪರವಾಗಿರುವವನು ಅದೇ ಹುಡುಗರ ಫೋಟೋ ಇಟ್ಟುಕೊಂಡು "ಪೆಟ್ರೋಲ್ ಬಿಡಿ, ಇವರು ಇದಕ್ಕೇ ಸತ್ತರು" ಅಂತ ಇನ್ನೊಂದು ಬ್ಯಾನರ್ ತಂದರೆ ನಿಮ್ಮ ಹಿರಿಯರು ಏನು ಮಾಡುತ್ತಾರೆ? ಹೊಡೆದಾಟ ಆಗುತ್ತದೆ. ಸತ್ತವನು ಯಾವ ಕಡೆಗೂ ಬಂದು ಸಾಕ್ಷಿ ಹೇಳೋದಿಲ್ಲ.

---

ಹುಳುಕು ಪುಸ್ತಕ ಉತ್ತರಿಸಿದ್ದು:

ಹಳೇ ಬೂಟು ಸರ್ ಹೇಳಿದ್ದಕ್ಕೆ ಅರ್ಧ ಒಪ್ಪಿಗೆ, ಅರ್ಧ ತಕರಾರು.

ಮೆಮೋರಿಯಲ್ ಡೇ ದಿನಗಳಲ್ಲಿ ಗಾಡಿ ಓಡಿಸಿ ಸರ್ಕಾರವನ್ನು ಬೈದ ದೊಡ್ಡ ಪರಂಪರೆಯೇ ಇದೆ. ರೋಲಿಂಗ್ ಥಂಡರ್ ನೆನಪಿದೆಯಾ? 1988ರಿಂದ ಶುರು. ಮೆಮೋರಿಯಲ್ ಡೇ ವಾರಾಂತ್ಯದಲ್ಲಿ ಸಾವಿರಾರು ಬೈಕುಗಳು ಪೆಂಟಗನ್ ಪಾರ್ಕಿಂಗ್‌ನಿಂದ ವಾಷಿಂಗ್ಟನ್ ಊರೊಳಗೆ ಹೋಗುತ್ತಿದ್ದವು. ಅದು ಬರೀ ಗೌರವ ಯಾತ್ರೆ ಆಗಿರಲಿಲ್ಲ, ಪಕ್ಕಾ ಪ್ರತಿಭಟನೆ. ಯುದ್ಧಕೈದಿಗಳ, ಕಾಣೆಯಾದವರ ಲೆಕ್ಕ ಕೊಡಿ ಅಂತ. ಅದನ್ನು ಶುರು ಮಾಡಿದವರು 2019ರಲ್ಲಿ ನಿಲ್ಲಿಸಿದರು. ಆಮೇಲೆ ಆಮ್‌ವೆಟ್ಸ್ ಅನ್ನುವ ಮಾಜಿ ಸೈನಿಕರ ಸಂಘದವರು ಬೇರೆ ಹೆಸರಲ್ಲಿ ಮುಂದುವರಿಸಿದ್ದಾರೆ. ಅದನ್ನು ಯಾರೂ ತಪ್ಪು ಅನ್ನಲಿಲ್ಲ. ಯಾಕೆಂದರೆ ಕೇಳಿದ್ದು ಆ ಸೈನಿಕರ ಬಗ್ಗೆಯೇ. ನಿಮ್ಮ ಬ್ಯಾನರ್ ಕೇಳುವುದು ನಿಮ್ಮ ಪಿಕಪ್ ಬಗ್ಗೆ.

ಗಾಡಿ ಬಗ್ಗೆಯೇ ಮಾತು ಅಂದರೆ ಅದಕ್ಕೂ ಉದಾಹರಣೆ ಇದೆ. 2004ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಮುಂದೆ ಒಬ್ಬ ಸೈನಿಕ ಎದ್ದು ನಿಂತು ಕೇಳಿದ: ನಮ್ಮ ಗಾಡಿಗಳಿಗೆ ಕವಚ ಮಾಡಿಕೊಳ್ಳಲು ನಾವು ಯಾಕೆ ಕಸದ ಗುಂಡಿಯಲ್ಲಿ ಗುಜರಿ ಕಬ್ಬಿಣ ಹುಡುಕಬೇಕು? ಅಲ್ಲಿದ್ದ ಸೈನಿಕರು ಚಪ್ಪಾಳೆ ಹೊಡೆದರು. ನೆಲಬಾಂಬ್ ತಡೆಯಲು ತಳ ವಿ ಆಕಾರದಲ್ಲಿರುವ ಎಂರ‍್ಯಾಪ್ ಗಾಡಿಗಳಿಗೆ ಮೊದಲ ಆದ್ಯತೆ ಅಂತ ಇಲಾಖೆ ಹೇಳಿದ್ದು 2007ರಲ್ಲಿ, ರಮ್ಸ್‌ಫೆಲ್ಡ್ ಜಾಗಕ್ಕೆ ಗೇಟ್ಸ್ ಬಂದ ಮೇಲೆ. ನಡುವಿನ ವರ್ಷಗಳಲ್ಲಿ ತೆಳು ತಗಡಿನ ಹಮ್ವೀ ಅನ್ನುವ ಸೈನ್ಯದ ಗಾಡಿಯಲ್ಲಿ ಸತ್ತವರ ಹೆಸರು ಹಿಡಿದು ಯಾರಾದರೂ ಬ್ಯಾನರ್ ಕಟ್ಟಿದರೆ ನಾನು ಮೆರವಣಿಗೆಯ ಮುಂದೆ ನಡೆಯುತ್ತೇನೆ.

ಇನ್ನು ಆ 1943ರ ಜೀಪ್. ಆ ಕಾಲವನ್ನು "ಸರ್ಕಾರ ಗಾಡಿಗೆ ಕೈ ಹಾಕದ ಕಾಲ" ಅಂತ ತೋರಿಸಲು ಹೊರಟರೆ ನಗು ಬರುತ್ತದೆ. 1942ರ ಫೆಬ್ರವರಿಯಲ್ಲಿ ಸರ್ಕಾರ ಜನಸಾಮಾನ್ಯರ ಕಾರು ತಯಾರಿಕೆಯನ್ನೇ ನಿಲ್ಲಿಸಿತು. ದೇಶಕ್ಕೆಲ್ಲ ಗಂಟೆಗೆ 35 ಮೈಲಿ ವೇಗದ ಮಿತಿ. ಪೆಟ್ರೋಲ್‌ಗೆ ರೇಷನ್; ಗಾಜಿನ ಮೇಲೆ ಎ ಸ್ಟಿಕರ್ ಇದ್ದವರಿಗೆ ವಾರಕ್ಕೆ ನಾಲ್ಕು ಗ್ಯಾಲನ್, ಆಮೇಲೆ ಮೂರು. ಪೆಟ್ರೋಲ್ ಇರಲಿಲ್ಲ ಅಂತ ಅಲ್ಲ, ಮುಖ್ಯವಾಗಿ ಟೈರ್ ಉಳಿಸಲು. ರಬ್ಬರ್ ಬರುತ್ತಿದ್ದ ನಾಡುಗಳು ಜಪಾನ್ ಕೈಗೆ ಹೋಗಿದ್ದವು. ಆ ಜೀಪ್ ಹುಟ್ಟಿದ್ದೇ ಈ ದೇಶದ ಅತಿ ದೊಡ್ಡ ಗಾಡಿ ಆದೇಶದ ಹೊಟ್ಟೆಯಲ್ಲಿ.

---

ವ್ಯಾಲಿ ಅಕ್ಕ ಉತ್ತರಿಸಿದ್ದು:

ಇತಿಹಾಸ ಚೆನ್ನಾಗಿದೆ, ಆದರೆ ಬ್ಯಾನರ್‌ನಲ್ಲಿ ಬರೆದಿರೋದು ಸರಿ ಇದೆಯಾ ಅಂತ ಯಾರೂ ನೋಡಲಿಲ್ವಲ್ಲ. ಮೂರು ಬೇರೆ ಬೇರೆ ಜಗಳ ಒಂದೇ ಗಂಟಲ್ಲಿ ಕಟ್ಟಿದ್ದಾರೆ.

2035ರದ್ದು ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ 2022ರಲ್ಲಿ ಒಪ್ಪಿದ ನಿಯಮ. ಮಾರುವ ಹೊಸ ಗಾಡಿಗಳಲ್ಲಿ ಎಲೆಕ್ಟ್ರಿಕ್ ಥರದವು 2026ರ ಮಾಡೆಲ್‌ಗೆ ಶೇಕಡಾ 35, 2030ಕ್ಕೆ 68, 2035ಕ್ಕೆ 100. ಹೊಸ ಗಾಡಿ ಮಾರಾಟಕ್ಕೆ ಮಾತ್ರ. ಇರುವ ಗಾಡಿ ಇಟ್ಟುಕೊಳ್ಳಬಹುದು, ಓಡಿಸಬಹುದು, ಮಾರಬಹುದು. ಅದಕ್ಕೆ ಸಿಕ್ಕಿದ್ದ ಫೆಡರಲ್ ಅನುಮತಿಯನ್ನು ಕಾಂಗ್ರೆಸ್ ರದ್ದು ಮಾಡಿ, 2025ರ ಜೂನ್ 12ರಂದು ಅಧ್ಯಕ್ಷರು ಸಹಿ ಹಾಕಿದರು. ರಾಜ್ಯ ಕೋರ್ಟಿಗೆ ಹೋಯಿತು. ಅಂದರೆ ಈ ವಿಷಯದಲ್ಲಿ ನಿಮ್ಮ ಹಿರಿಯರು ಬೈಯಬೇಕಾದ ಸರ್ಕಾರ ಯಾವುದು ಅನ್ನೋದೇ ಗೊಂದಲ.

ಕಿಲ್ ಸ್ವಿಚ್ ಅನ್ನೋದು ವಿರೋಧಿಗಳು ಇಟ್ಟ ಹೆಸರು. 2021ರ ಮೂಲಸೌಕರ್ಯ ಕಾನೂನಿನಲ್ಲಿ ಇರುವುದು, ಕುಡಿದು ಓಡಿಸೋದನ್ನು ಗಾಡಿಯೇ ಗುರುತಿಸಿ ತಡೆಯುವ ತಂತ್ರಜ್ಞಾನ ಹೊಸ ಕಾರಲ್ಲಿ ಬರಲಿ ಅಂತ. ನಿಯಮ ಬರೆಯಲು ಕೊಟ್ಟಿದ್ದ 2024ರ ಗಡುವು ದಾಟಿ ಹೋಯಿತು. ಈ ದೇಶದಲ್ಲಿ ಕುಡುಕ ಚಾಲಕರಿಂದ ವರ್ಷಕ್ಕೆ 10,000ಕ್ಕೂ ಜಾಸ್ತಿ ಜನ ಸಾಯುತ್ತಾರೆ. ಅನುಮಾನ ಪಡಿ, ಯಂತ್ರ ತಪ್ಪು ತಿಳಿದರೆ ಏನು ಗತಿ ಅಂತ ಕೇಳಿ, ಅದು ನ್ಯಾಯವಾದ ಪ್ರಶ್ನೆ. ಆದರೆ ಬಟ್ಟೆ ಮೇಲೆ ಎರಡು ಪದದಲ್ಲಿ ಮುಗಿಸುವ ವಿಷಯ ಅಲ್ಲ.

ಸ್ಮಾಗ್ ಮಾತ್ರ ನಿಮಗೆ ನಿಜವಾಗಿ ಕುತ್ತಿಗೆಗೆ ಬಂದಿರೋದು. ಮೊದಲು 30 ವರ್ಷ ದಾಟಿದ ಗಾಡಿಗೆ ತಾನಾಗಿ ವಿನಾಯಿತಿ ಸಿಗುತ್ತಿತ್ತು. 2004ರ ಕಾನೂನು ಆ ಗೆರೆಯನ್ನು ನಿಲ್ಲಿಸಿಬಿಟ್ಟಿತು. 1975 ಮತ್ತು ಹಿಂದಿನದು ಪಾರು, 1976ರಿಂದ ಈಚಿನದು ಸಿಕ್ಕಿಬಿತ್ತು. ಜೀಪ್ ಪಾರು, ನಿಮ್ಮ ಪಿಕಪ್ ಸಿಕ್ಕಿಬಿತ್ತು. ಮಜಾ ನೋಡಿ, ಬ್ಯಾನರ್ ಕಟ್ಟಲು ಹೊರಟಿರೋದು ಯಾವ ನಿಯಮವೂ ಮುಟ್ಟದ ಗಾಡಿಗೆ!

2025ರಲ್ಲಿ ಎಸ್‌ಬಿ 712 ಅನ್ನುವ ಮಸೂದೆ ಬಂತು. ಹಳೇ ಕಲೆಕ್ಟರ್ ಗಾಡಿಗಳಿಗೆ ವಿನಾಯಿತಿ ಕೊಡಲು. ಹಳೇ ಕಾರು ಸಂಗ್ರಹಿಸುವ ಟಿವಿ ನಿರೂಪಕ ಜೇ ಲೆನೋ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಬಂದು ಸಾಕ್ಷಿ ಹೇಳಿದರು, ಸೆನೆಟ್ ದಾಟಿತು. ಆಗಸ್ಟ್‌ನಲ್ಲಿ ಅಸೆಂಬ್ಲಿಯ ಹಣಕಾಸು ಸಮಿತಿಯಲ್ಲಿ ಸತ್ತುಹೋಯಿತು. ಚರ್ಚೆಯೇ ಇಲ್ಲದೆ. ಇದಕ್ಕೆ ಸಿಟ್ಟು ಮಾಡಿ ಸ್ವಾಮಿ! ಆ ಸಮಿತಿಯ ಸದಸ್ಯರ ಆಫೀಸಿಗೆ ಫೋನ್ ಮಾಡಿ, ಆ ತಗಡಿನ ಕೊಳವೆ ಕಥೆ ಹೇಳಿ. ಹೊಗೆ ಪಾಸು, ಕೊಳವೆ ಇಲ್ಲ ಅಂತ ಫೇಲು. ಅಷ್ಟು ಹೇಳಿದರೆ ಎಂಥವರಿಗೂ ಅರ್ಥವಾಗುತ್ತದೆ. ಅಂದ ಹಾಗೆ ನಾನು ಸ್ಮಾಗ್ ತಪಾಸಣೆಯ ಪರ. ವ್ಯಾಲಿಯ ಗಾಳಿಗೆ ನನ್ನ ಮಗ ಇನ್ಹೇಲರ್ ಇಲ್ಲದೆ ಆಟಕ್ಕೆ ಹೋಗೋದಿಲ್ಲ. ಆದರೂ ಹೇಳುತ್ತಿದ್ದೇನೆ.

ಇನ್ನೊಂದು, ಮೆರವಣಿಗೆ ನಡೆಸುವವರನ್ನು ಕೇಳಿದ್ದೀರಾ? ಖಾಸಗಿಯಾಗಿ ನಡೆಸುವ ಮೆರವಣಿಗೆಯಲ್ಲಿ ಯಾವ ಸಂದೇಶ ಇರಬೇಕು ಅನ್ನೋದು ನಡೆಸುವವರ ಹಕ್ಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆ ಕೇಸಿನಲ್ಲಿ ಮೆರವಣಿಗೆ ನಡೆಸುತ್ತಿದ್ದವರೂ ಬಾಸ್ಟನ್‌ನ ಮಾಜಿ ಸೈನಿಕರೇ.

---

ಕಾರ್ಬುರೇಟರ್ ಭಟ್ಟ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ನಿಮ್ಮ ಮಗನ ವಿಷಯ ಓದಿ ಒಂದು ಕ್ಷಣ ಕೈ ಕಟ್ಟಿದ ಹಾಗಾಯಿತು. ಕೊಳವೆ ಈಗ ಇದೆ, ಪಿಕಪ್ ಪಾಸಾಗಿದೆ, ಹೊಗೆ ಮೊದಲೂ ಮಿತಿಯಲ್ಲೇ ಇತ್ತು.

ನಿನ್ನೆ ಹಿರಿಯರ ಮನೆಗೆ ಹೋಗಿದ್ದೆ. ರಬ್ಬರ್, 35 ಮೈಲಿ ಎಲ್ಲ ಹೇಳಿದೆ. ಅವರಿಗೆ ಗೊತ್ತಿತ್ತು, ಅವರ ಅಪ್ಪ ಎ ಸ್ಟಿಕರ್ ಅನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದರಂತೆ. "ಅದು ಯುದ್ಧ, ಮುಗಿದ ಮೇಲೆ ತೆಗೆದರು. ಇದನ್ನು ಯಾವಾಗ ತೆಗೆಯುತ್ತಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಇನ್ನೊಂದು ಮಾತು ಅಂದರು. ವಿಯೆಟ್ನಾಂನಲ್ಲಿ ಅಣ್ಣ ಓಡಿಸುತ್ತಿದ್ದದ್ದು ಎಂ151 ಅನ್ನುವ ಮಿಲಿಟರಿ ಜೀಪ್. ತಿರುವಿನಲ್ಲಿ ಪಲ್ಟಿ ಹೊಡೆಯುವ ಗಾಡಿ. ಜನರ ರಸ್ತೆಗೆ ಯೋಗ್ಯವಲ್ಲ ಅಂತ ಸರ್ಕಾರ ಆಮೇಲೆ ಅದನ್ನು ಕತ್ತರಿಸಿ ಗುಜರಿಗೆ ಹಾಕುತ್ತಿತ್ತು. "ನನಗೆ ಮಾರಲು ಅಪಾಯ, ಅವನಿಗೆ ಕೊಡಲು ಅಪಾಯ ಇರಲಿಲ್ಲ" ಅಂದರು. ಅವರ ಸಿಟ್ಟಿನ ಬುಡ ಸ್ಮಾಗ್ ಅಲ್ಲ ಅಂತ ಆಗ ಹೊಳೆಯಿತು.

ಹೂಂ ಅಂದಿಲ್ಲ, ಊಹೂಂ ಅಂತಲೂ ಇಲ್ಲ. ಬ್ಯಾನರ್ ಗ್ಯಾರೇಜಿನಲ್ಲೇ ಮಡಚಿ ಇಟ್ಟಿದ್ದಾರೆ. "ಆ ದಿನ ಬಿಟ್ಟು ಇನ್ಯಾವತ್ತು ಜನ ನನ್ನ ಮಾತು ಕೇಳುತ್ತಾರೆ?" ಅಂತ ಕೇಳಿದರು. ಮಸೂದೆ ಮತ್ತೆ ಬಂದರೆ ಸ್ಯಾಕ್ರಮೆಂಟೊಗೆ ನಾನು ಕರೆದುಕೊಂಡು ಹೋಗುತ್ತೇನೆ ಅಂದೆ. ಪಿಕಪ್‌ನಲ್ಲಿ. ಅವರು ಬ್ಯಾನರ್ ಹಾಕಿಯೇ ತೀರುತ್ತೇನೆ ಅಂದರೆ ನಾನು ಓಡಿಸೋದಿಲ್ಲ ಅಂತಲೂ ಹೇಳಿ ಬಂದಿದ್ದೇನೆ. ಬೇರೆ ಡ್ರೈವರ್ ಕ್ಲಬ್‌ನಲ್ಲಿ ಸಿಗುತ್ತಾರೆ, ಅದು ಅವರಿಗೂ ಗೊತ್ತು.

---

ಹಳೇ ಬೂಟು:

ಸರಿಯಾಗಿ ಹೇಳಿದ್ದೀರಿ. ಅಣ್ಣನ ಎಂ151 ಕಥೆಯನ್ನು ಮೆರವಣಿಗೆ ಮುಗಿದ ಮೇಲೆ ಮೈಕ್‌ನಲ್ಲಿ ಹೇಳಲು ಅವರನ್ನು ಒಪ್ಪಿಸಿ. ಅದು ಆ ದಿನಕ್ಕೆ ಸೇರಿದ ಮಾತು, ಎಷ್ಟು ಬೇಕಾದರೂ ಸಿಟ್ಟಲ್ಲಿ ಹೇಳಲಿ.

ನೀವೇ ಓಡಿಸುವುದಾದರೆ ಒಂದು ವಿಷಯ: ಮೇ ಕೊನೆಯ ವ್ಯಾಲಿ ಬಿಸಿಲಲ್ಲಿ, ನಡೆಯುವ ವೇಗದಲ್ಲಿ ಆ ಎಂಜಿನ್ ಬೇಗ ಕಾಯುತ್ತದೆ. ಫಸ್ಟ್ ಗೇರ್‌ನಲ್ಲೇ ಓಡಿಸಿ, ಕ್ಲಚ್ ಮೇಲೆ ಕಾಲಿಟ್ಟು ಎಳೆಯಬೇಡಿ. ಹಿಂದಿನ ದಿನವೇ ರೇಡಿಯೇಟರ್ ನೀರು ನೋಡಿ, ಫ್ಯಾನ್ ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿ ನೋಡಿ. ಮುಂದಿನ ಬ್ಯಾಂಡ್‌ನವರಿಂದ ಸ್ವಲ್ಪ ದೂರ ಇರಿ, ಅವರು ಹೇಳದೆ ಕೇಳದೆ ನಿಂತುಬಿಡುತ್ತಾರೆ.