ಸಹಾಯ ಬೇಕು: ಬಣ್ಣ ತೆಗೆದ ತಗಡಿಗೆ ಯಾವ ಪ್ರೈಮರ್?

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಅಪ್ಪನ ಹಳೇ ಪ್ರೀಮಿಯರ್ ಪದ್ಮಿನಿ ಕಾರನ್ನು ಸರಿ ಮಾಡುತ್ತಿದ್ದೇನೆ. ಬಾನೆಟ್, ಬಾಗಿಲುಗಳ ಬಣ್ಣ ಪೂರ್ತಿ ತೆಗೆದಾಯಿತು. ಇಲ್ಲಿ ಸಮುದ್ರದ ಉಪ್ಪುಗಾಳಿ. ಸಂಜೆ ಉಜ್ಜಿ ಹೊಳಪು ಬಂದ ತಗಡಿನ ಮೇಲೆ ಬೆಳಿಗ್ಗೆ ಬೆರಳಾಡಿಸಿದರೆ ಕೇಸರಿ ಪುಡಿ ಅಂಟುತ್ತದೆ.

ಪೇಂಟ್ ಅಂಗಡಿಯವರು ಬಣ್ಣಕ್ಕೆ ಮೊದಲಿನ ತಳಪದರವಾಗಿ ಎಚ್ (etch) ಪ್ರೈಮರ್ ಸಾಕು ಅನ್ನುತ್ತಾರೆ. ಅದರಲ್ಲಿರುವ ಆಮ್ಲದಿಂದ ತಗಡಿಗೆ ಹಿಡಿತ ಚೆನ್ನಾಗಿ ಬರುತ್ತದೆ, ನಿಜ. ಆದರೆ ತೇವ ತಡೆಯುವುದರಲ್ಲಿ ಎಪಾಕ್ಸಿ ಪ್ರೈಮರೇ ಮೇಲು ಅಲ್ವಾ? ನನಗೆ ಹಾರ್ಡನರ್ ಬೆರೆಸುವ ಎಪಾಕ್ಸಿ ಮೇಲೇ ಮನಸ್ಸು. ಪುಟ್ಟಿಯನ್ನೂ ಅದರ ಮೇಲೆ ಹಾಕಬಹುದು.

ಕರಾವಳಿಯಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಎಪಾಕ್ಸಿಗೆ ಮೊದಲು 80 ನಂಬರ್ ಪೇಪರಿನಲ್ಲಿ ಉಜ್ಜುತ್ತೀರಾ, 180ರಲ್ಲಾ? ತುಕ್ಕು ತಿಂದ ಸಣ್ಣ ಗುಂಡಿಗಳಿಗೆ ಫಾಸ್ಫಾರಿಕ್ ಆಮ್ಲ ಹಚ್ಚಿ, ತೊಳೆದು ಒಣಗಿಸಿದರೆ ಮೇಲೆ ಎಪಾಕ್ಸಿ ಗಟ್ಟಿಯಾಗಿ ನಿಲ್ಲುತ್ತದಾ? ಜೂನ್ ಮಳೆ ಹಿಡಿಯುವ ಮೊದಲೇ ಹೊಡೆದು ಮುಗಿಸಬೇಕು. ಅಂಕೋಲಾ, ಕುಮಟಾ ಕಡೆ ಸಣ್ಣ ಡಬ್ಬಿ ಸಿಗುವ ಅಂಗಡಿ ಗೊತ್ತಿದ್ದರೂ ತಿಳಿಸಿ.