ಕ್ಲೇಮ್ ಹಾಕಿದ್ದು 1184 ಕಿ.ಮೀ., ಪಾಸಾಗಿದ್ದು 764. ಆ್ಯಪ್ ಕಿಲೋಮೀಟರ್ ನುಂಗ್ತಿದೆಯಾ?

ದಾರಿಹೋಕ:
ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಹಾಕ್ತಿದ್ದೀನಿ. ಆಫೀಸ್ ಕೆಲಸಕ್ಕೆ ಸ್ವಂತ ಕಾರು ಓಡಿಸ್ತೀನಿ. ತಿಂಗಳ ಕೊನೆಗೆ ಲೆಕ್ಕ ಕೊಟ್ರೆ ಕಿಲೋಮೀಟರಿಗೆ ಇಷ್ಟು ಅಂತ ವಾಪಸ್ ಕೊಡ್ತಾರೆ. ಕಳೆದ ತಿಂಗಳು ಕಾರಿನ ಮೀಟರ್ ಪ್ರಕಾರ 1184 ಕಿ.ಮೀ. ಹಾಕ್ದೆ. ಪಾಸಾಗಿದ್ದು 764. 420 ಕಿ.ಮೀ. ಮಂಗಮಾಯ! ಫಾರಂ ಮೇಲೆ "ನಿಯಮದಂತೆ ಸರಿಪಡಿಸಲಾಗಿದೆ" ಅಂತ ಒಂದು ಸೀಲು, ಅಷ್ಟೇ.

ಫೋನಲ್ಲಿರೋ ಟ್ರಿಪ್ ಆ್ಯಪ್ 1097 ತೋರಿಸ್ತಿದೆ. ಅದರ ರಿಪೋರ್ಟನ್ನೂ ಜೊತೆಗೆ ಲಗತ್ತಿಸಿದ್ದೆ. ಅದನ್ನ ನೋಡಿ ನಾನು ಸುಳ್ಳು ಲೆಕ್ಕ ಕೊಟ್ಟಿದ್ದೀನಿ ಅಂದ್ಕೊಂಡ್ರು ಅನ್ಸುತ್ತೆ. ಈ ಆ್ಯಪ್ ಯಾಕೆ ಕಡಿಮೆ ತೋರಿಸುತ್ತೆ? ಎಲ್ಲ ಸೆಟ್ಟಿಂಗೂ ನೋಡಿದ್ದೀನಿ, ಸರಿಯಾಗೇ ಇದೆ.

ಸಿಗ್ನಲ್ ಸೀನ:
ಬ್ಯಾಟರಿ ಸೇವರ್. ನೂರಕ್ಕೆ ನೂರು ಅದೇ. ಆಂಡ್ರಾಯ್ಡ್ 8 ಬಂದಾಗಿಂದ, ಅಂದ್ರೆ 2017ರಿಂದ, ಹಿಂದುಗಡೆ ಓಡೋ ಆ್ಯಪ್‌ಗೆ ಗಂಟೆಗೆ ಕೆಲವೇ ಸಲ ಲೊಕೇಶನ್ ಸಿಗೋದು. ನೋಟಿಫಿಕೇಶನ್ ಮೇಲ್ಗಡೆ ನಿಲ್ಲಿಸ್ಕೊಂಡು ಓಡೋ ಆ್ಯಪ್‌ಗೆ ಮಾತ್ರ ಪೂರ್ತಿ ಸಿಗುತ್ತೆ. ನಿಮ್ಮದರಲ್ಲಿ ಆ ನೋಟಿಫಿಕೇಶನ್ ಕಾಣುತ್ತಾ? ಫೋನ್ ಯಾವುದು?

ದಾರಿಹೋಕ:
ನೋಟಿಫಿಕೇಶನ್ ಬರುತ್ತೆ. ಬ್ಯಾಟರಿ ಸೇವರ್ ಆಫ್ ಇದೆ.

ಸಿಗ್ನಲ್ ಸೀನ:
ಫೋನಿನ ಸೇವರ್ ಬೇರೆ, ಆ್ಯಪ್‌ಗೆ ಪ್ರತ್ಯೇಕ ಇರೋದು ಬೇರೆ ಗುರು. ಆ್ಯಪ್ ಇನ್ಫೋ, ಬ್ಯಾಟರಿ, ಅಲ್ಲಿ "ನಿರ್ಬಂಧ ಇಲ್ಲ" ಅಂತ ಇರ್ಬೇಕು. ಲೊಕೇಶನ್ "ಯಾವಾಗಲೂ" ಇರ್ಬೇಕು. ಆಮೇಲೆ ಎಷ್ಟು ಸೆಕೆಂಡಿಗೆ ಒಂದು ಪಾಯಿಂಟ್ ತಗೊಳ್ತಿದೆ ನೋಡಿ. ಗಂಟೆಗೆ 60 ಕಿ.ಮೀ. ಸ್ಪೀಡಲ್ಲಿ ನಿಮಿಷಕ್ಕೊಂದು ಪಾಯಿಂಟ್ ಅಂದ್ರೆ ಎರಡು ಪಾಯಿಂಟ್ ಮಧ್ಯೆ 1 ಕಿ.ಮೀ. ಆ್ಯಪ್ ಅವೆರಡನ್ನೂ ನೇರ ಗೆರೆಯಲ್ಲಿ ಸೇರಿಸಿಬಿಡುತ್ತೆ. ನಡುವೆ ಇರೋ ತಿರುವೆಲ್ಲ ಹೋಯ್ತು.

ಚಕ್ರವ್ಯೂಹ:
ಆ್ಯಪ್ ಬಿಡ್ರಿ, ಮೊದ್ಲ ಟೈರ್ ಸೈಜ್ ಏನದ ಹೇಳ್ರಿ. ದಪ್ಪ ಟೈರ್ ಹಾಕ್ಸಿರಬೇಕು. ದೊಡ್ಡ ಗಾಲಿ ಹಾಕಿದ್ರ ಮೀಟರ್ ಜಾಸ್ತಿ ಓಡ್ತದ. ನಿಮ್ಮ 1184 ತಪ್ಪು, ಆ್ಯಪ್ 1097 ಖರೇ.

ಮೀಟರ್ ಮಾವ:
ಉಲ್ಟಾ ಹೇಳ್ತಿದ್ದೀರಿ. ಮೀಟರ್ ಎಣಿಸೋದು ಗಾಲಿ ಎಷ್ಟು ಸುತ್ತು ಸುತ್ತಿತು ಅಂತ. ಗಾಲಿ ದೊಡ್ಡದಾದ್ರೆ ಅದೇ ದೂರಕ್ಕೆ ಸುತ್ತು ಕಡಿಮೆ, ಮೀಟರೂ ಕಡಿಮೆ. 185/65 ಆರ್ 15 ಟೈರಿನ ವ್ಯಾಸ 621.5 ಮಿ.ಮೀ. 195/65 ಆರ್ 15 ಹಾಕಿದ್ರೆ 634.5. ಶೇಕಡಾ 2ರಷ್ಟು ವ್ಯತ್ಯಾಸ. ದೊಡ್ಡ ಟೈರ್ ಹಾಕಿದ್ರೆ 1184 ಅಂತ ತೋರಿಸಿದ ಕಾರು ನಿಜವಾಗಿ 1208 ಓಡಿರುತ್ತೆ.

ಚಕ್ರವ್ಯೂಹ:
ಸವೆದ ಟೈರ್ ಇದ್ರ?

ಮೀಟರ್ ಮಾವ:
ಸವೆದಿದ್ರೆ ಮೀಟರ್ ಜಾಸ್ತಿ ತೋರಿಸುತ್ತೆ, ಅದು ಒಪ್ತೀನಿ. ಹೊಸ ಟೈರಿನ ಮೇಲಿರೋ ಗೀರುಗಳ ಆಳ 8 ಮಿ.ಮೀ. ಇದ್ದದ್ದು 1.6ಕ್ಕೆ ಬಂದ್ರೂ ವ್ಯಾಸದಲ್ಲಿ ಕಡಿಮೆ ಆಗೋದು 12.8 ಮಿ.ಮೀ. ಅದೂ ಶೇಕಡಾ 2. ಇವರಿಗೆ ಹೋಗಿರೋದು ಶೇಕಡಾ 35! ಟೈರ್ ಪೂರ್ತಿ ಬೋಳಾದ್ರೂ ಅಷ್ಟು ಬರಲ್ಲ.

ದಾರಿಹೋಕ:
ಟೈರ್ ಕಂಪನಿ ಕೊಟ್ಟದ್ದೇ ಸ್ವಾಮಿ, ಒಂದು ಸೈಜೂ ಬದಲಾಯಿಸಿಲ್ಲ. ಆ್ಯಪ್ ಸೆಟ್ಟಿಂಗ್ ನೋಡ್ದೆ. "ನಿರ್ಬಂಧ ಇಲ್ಲ" ಇರಲಿಲ್ಲ, ಈಗ ಹಾಕಿದೆ.

ಸಿಗ್ನಲ್ ಸೀನ:
ಹೇಳ್ಲಿಲ್ವಾ! ಕೇಸ್ ಮುಗೀತು.

ಹೈವೇ ಹರಿ:
ನಾನು ಫೋನ್ ನಂಬೋದೇ ಬಿಟ್ಟಿದ್ದೀನಿ. ಕಾರಿನ ಕಂಪ್ಯೂಟರಿಂದಲೇ ಸ್ಪೀಡ್ ಓದೋ ಓಬಿಡಿ ಡಾಂಗಲ್ ಚುಚ್ಚಿದ್ದೀನಿ, ಅದರ ಜೊತೆ ಮುಂದೆ ಹಿಂದೆ ಡ್ಯಾಶ್‌ಕ್ಯಾಮ್, ಅದರಲ್ಲೂ ಜಿಪಿಎಸ್. ಇಂಜಿನ್ ಆನ್ ಆದ ಕ್ಷಣದಿಂದ ಸ್ಪೀಡ್ ಲಾಗ್ ಆಗಿ ರಾತ್ರಿ ತಾನಾಗೇ ಎಕ್ಸೆಲ್‌ಗೆ ಹೋಗಿ ಕೂರುತ್ತೆ. ವೈರಿಂಗ್ ಎಲ್ಲ ನಾನೇ ಎಳೆದದ್ದು, ಒಂದು ತಂತಿ ಹೊರಗೆ ಕಾಣಲ್ಲ. ಬೇಕಾದ್ರೆ ಫೋಟೋ ಹಾಕ್ತೀನಿ.

ಮೀಟರ್ ಮಾವ:
ವೈರಿಂಗ್ ಫೋಟೋ ಖಂಡಿತ ಹಾಕಿ. ಆದ್ರೆ ಓಬಿಡಿಯಲ್ಲಿ ಸ್ಪೀಡ್ ಬರೋದು ಪೂರ್ಣಾಂಕದಲ್ಲಿ, 43 ಇಲ್ಲಾ 44. ಅದನ್ನ ಕೂಡಿಸಿ ದೂರ ತೆಗೆದ್ರೆ ಅದರಲ್ಲೂ ಸ್ವಲ್ಪ ತಪ್ಪು ಇರುತ್ತೆ.

ಲೆಕ್ಕದಕ್ಕ:
ಒಂದು ನಿಮಿಷ. ಯಾರೂ ಮೂಲ ಪ್ರಶ್ನೆ ಕೇಳ್ತಾನೇ ಇಲ್ಲ. ಹತ್ತು ವರ್ಷ ಇಂಥ ಕ್ಲೇಮುಗಳನ್ನ ಆ ಕಡೆ ಕೂತು ಪರಿಶೀಲಿಸಿದವಳು ನಾನು. ಆ್ಯಪ್ ಹೇಳಿದ್ದು 1097. ಅದನ್ನ ನೋಡಿ ಕತ್ತರಿಸಿದ್ರೆ 1097 ಪಾಸ್ ಮಾಡ್ಬೇಕಿತ್ತು. 764 ಎಲ್ಲಿಂದ ಬಂತು? ದಾರಿಹೋಕ ಅವರೇ, ದಿನವಾರು ಪಟ್ಟಿ ಇದ್ಯಾ? ನೀವು ಬರೆದದ್ದು, ಅವರು ಕೊಟ್ಟದ್ದು, ಎರಡೂ ಹಾಕಿ. ಮೂರು ದಿನದ್ದು ಸಾಕು.

ದಾರಿಹೋಕ:
ಇದೆ ಮೇಡಂ. ಗೇರ್ ಪಕ್ಕದ ಗೂಡಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೀನಿ, ಪೆನ್ಸಿಲ್‌ಗೆ ದಾರ ಕಟ್ಟಿ. ಗಾಡಿ ಹತ್ತಿದ ಕೂಡ್ಲೇ ಬರೀತೀನಿ.
4ನೇ ತಾರೀಕು: ಶುರು 48,212, ಕೊನೆ 48,274. ಒಟ್ಟು 62. ಕೊಟ್ಟದ್ದು 42.
5ನೇ ತಾರೀಕು: 38. ಕೊಟ್ಟದ್ದು 18.
6ನೇ ತಾರೀಕು: 91. ಕೊಟ್ಟದ್ದು 71.

ಲೆಕ್ಕದಕ್ಕ:
ಮೂರೂ ದಿನ ಸರಿಯಾಗಿ 20 ಕಡಿಮೆ. ಜಿಪಿಎಸ್ ತಪ್ಪಾದ್ರೆ ಒಂದಿನ 3, ಒಂದಿನ 9 ಹೋಗುತ್ತೆ. ಹೀಗೆ ಅಳತೆಕೋಲಿಟ್ಟು ಕೊಯ್ದ ಹಾಗೆ ಹೋಗಲ್ಲ. ತಿಂಗಳಲ್ಲಿ ಎಷ್ಟು ದಿನ ಓಡಿಸಿದ್ರಿ? 21 ಅಂದ್ರೆ 420 ಸರಿಹೋಗುತ್ತೆ. ಬೆಳಗ್ಗೆ ನೋಟ್‌ಬುಕ್ಕಲ್ಲಿ "ಶುರು" ಅಂತ ಬರೆಯೋದು ಎಲ್ಲಿ ನಿಂತು? ಮನೆಯಿಂದ ಆಫೀಸಿಗೆ ಎಷ್ಟು ದೂರ?

ದಾರಿಹೋಕ:
21 ದಿನವೇ. ಮನೆ ಮುಂದೆ ನಿಂತೇ ಬರೀತೀನಿ, ಗಾಡಿ ಇರೋದೇ ಅಲ್ಲಲ್ವಾ. ಆಫೀಸ್ 10 ಕಿ.ಮೀ.

ಮೀಟರ್ ಮಾವ:
ಅಯ್ಯೋ, ಇದನ್ನ ಮೊದಲೇ ಹೇಳ್ಬಾರದಿತ್ತಾ! ಎರಡು ದಿನದಿಂದ ಟೈರ್ ವ್ಯಾಸ ಗುಣಿಸ್ತಿದ್ದೀವಿ.

ಲೆಕ್ಕದಕ್ಕ:
ಹೋಗ್ತಾ 10, ಬರ್ತಾ 10. ಮನೆಯಿಂದ ಆಫೀಸಿಗೆ ಓಡಾಡೋದು ಸ್ವಂತ ಖರ್ಚು ಅನ್ನೋದು ಬಹುತೇಕ ಕಡೆ ಇರೋ ನಿಯಮ, ಎಷ್ಟೋ ದೇಶಗಳ ತೆರಿಗೆ ಕಾನೂನೂ ಅದನ್ನೇ ಹೇಳುತ್ತೆ. ಅದನ್ನ ಕಳೆದು ಉಳಿದದ್ದು ಕೊಟ್ಟಿದ್ದಾರೆ. ಆ್ಯಪ್ ರಿಪೋರ್ಟನ್ನ ಯಾರೂ ಬಿಡಿಸಿ ನೋಡೇ ಇಲ್ಲ. 1184ರಲ್ಲಿ 420 ಕಳೆದ್ರೆ 764, ನಿಮ್ಮ ಮೀಟರ್ ಲೆಕ್ಕವನ್ನ ಅವರು ಪೂರ್ತಿ ನಂಬಿದ್ದಾರೆ.

ದಾರಿಹೋಕ:
ಸುಳ್ಳುಗಾರ ಅಂದ್ಕೊಂಡಿಲ್ಲ ಅನ್ನೋದು ಕೇಳಿ ಮನಸ್ಸು ಹಗುರಾಯ್ತು. ಆದ್ರೆ ಅರ್ಧಕ್ಕರ್ಧ ದಿನ ನಾನು ಆಫೀಸಿಗೆ ಹೋಗೋದೇ ಇಲ್ಲ ಮೇಡಂ. ಮನೆಯಿಂದ ಸೀದಾ ಗ್ರಾಹಕರ ಹತ್ರ, ಅಲ್ಲಿಂದ ಸೀದಾ ಮನೆ. ಆ ದಿನವೂ 20 ಕಳೆಯೋದು ನ್ಯಾಯಾನಾ?

ಹೈವೇ ಹರಿ:
ಅನ್ಯಾಯ. ಆಫೀಸ್ ಮೆಟ್ಟಿಲು ಹತ್ತದ ದಿನ ಆಫೀಸ್ ದಾರಿ ಹೆಂಗೆ ಕಳೀತಾರೆ?

ಚಕ್ರವ್ಯೂಹ:
ಹಂಗಲ್ರೀ. ಸೈಟಿಗೆ ಹೋಗದಿದ್ರ ಅವತ್ತು ಆಫೀಸಿಗೆ ಹೋಗ್ತಿದ್ರಿ, 20 ನಿಮ್ಮ ಕೈಯಿಂದ ಹೋಗ್ತಿತ್ತು. ಅದು ಉಳೀತಲ್ಲ. ಅದರ ಮೇಲಿನದ್ದು ಅಷ್ಟೇ ಕಂಪನಿ ಕೊಡೋದು.

ಲೆಕ್ಕದಕ್ಕ:
ಇಬ್ಬರ ಮಾತಿನ ಹಾಗೂ ನಿಯಮ ಇರೋ ಕಂಪನಿಗಳನ್ನ ನೋಡಿದ್ದೀನಿ. ಕೆಲವರು ದಿನಾ ಕಣ್ಮುಚ್ಚಿ ಕಳೀತಾರೆ. ಕೆಲವರು ಮನೆಯಿಂದ ಸೈಟಿಗೆ, ಆಫೀಸಿಂದ ಸೈಟಿಗೆ, ಎರಡರಲ್ಲಿ ಯಾವುದು ಹತ್ತಿರವೋ ಅದನ್ನ ಕೊಡ್ತಾರೆ. ಇಲ್ಲಿ ಕಿತ್ತಾಡಿ ಉಪಯೋಗ ಇಲ್ಲ, ನಿಮ್ಮ ಪ್ರಯಾಣ ನೀತಿಯ ಕಾಗದದಲ್ಲಿ ಏನು ಬರೆದಿದೆಯೋ ಅದೇ. ಅದನ್ನ ತರಿಸ್ಕೊಂಡು ಆ ಸಾಲನ್ನ ಒಂದೊಂದು ಪದ ಬಿಡದೆ ಓದಿ. ರಜಾ ದಿನ ಏನಾದ್ರೂ ಹೋಗಿದ್ರಾ?

ಬೈಕ್ ಭಟ್ಟ:
ನನ್ನದೂ ಇದೇ ಕಥೆ ಮಾರಾಯ್ರೆ, ಆದ್ರೆ ಬೈಕು. ಪೆಟ್ರೋಲ್ ಬಿಲ್ ಎಲ್ಲ ಸೇರಿಸಿ ಕೊಟ್ಟೆ, ವಾಪಸ್ ಕಳಿಸಿದ್ದಾರೆ. ಯಾಕೆ?

ಲೆಕ್ಕದಕ್ಕ:
ಕಿಲೋಮೀಟರ್ ದರ ಕೊಡ್ತಾರಾ? ಹಾಗಿದ್ರೆ ಆ ದರದೊಳಗೇ ಪೆಟ್ರೋಲ್, ಸರ್ವಿಸ್, ಟೈರ್, ಇನ್ಶೂರೆನ್ಸ್, ಗಾಡಿಯ ಸವಕಳಿ ಎಲ್ಲ ಸೇರಿರುತ್ತೆ. ಮೇಲಿಂದ ಪೆಟ್ರೋಲ್ ಬಿಲ್ ಕೊಟ್ರೆ ಒಂದೇ ಖರ್ಚು ಎರಡು ಸಲ ಕೇಳಿದ ಹಾಗೆ. ಪಾರ್ಕಿಂಗ್, ಟೋಲ್ ರಸೀದಿ ಬೇರೆಯಾಗಿ ಕೇಳೋದು ವಾಡಿಕೆ. ಹೆಚ್ಚಿನದ್ದಕ್ಕೆ ಬೇರೆ ಥ್ರೆಡ್ ತೆಗೀರಿ, ಇದು ಎಳೆದುಹೋಗುತ್ತೆ.

ದಾರಿಹೋಕ:
ನೀತಿಯ ಕಾಗದ ಸಿಕ್ತು. "ಕೆಲಸದ ದಿನಗಳಲ್ಲಿ ನಿವಾಸದಿಂದ ಕಚೇರಿಗೆ ಹೋಗಿಬರುವ ದೂರವನ್ನು ಕಳೆಯತಕ್ಕದ್ದು" ಅಂತ ಇದೆ. ಆಫೀಸಿಗೆ ಹೋದ್ರೂ ಹೋಗದಿದ್ರೂ ಅಂತ ಬಿಡಿಸಿ ಹೇಳಿಲ್ಲ. ಆದ್ರೆ ಮೇಡಂ, 21 ದಿನದಲ್ಲಿ 4 ದಿನ ನಾನು ಹೋಗಿದ್ದು ವಾರದ ರಜೆಯಲ್ಲಿ! ಅದು ಕೆಲಸದ ದಿನ ಅಲ್ಲವೇ ಅಲ್ಲ.

ಲೆಕ್ಕದಕ್ಕ:
ಅದೇ ನಿಮ್ಮ ಹಿಡಿ. 4 ದಿನಕ್ಕೆ 80 ಕಿ.ಮೀ. ಆ ಸಾಲು ಉಲ್ಲೇಖಿಸಿ, ತಾರೀಕು ಹಾಕಿ, ಎರಡೇ ಸಾಲಿನ ಮೇಲ್ ಕಳಿಸಿ. ಸಿಟ್ಟು ಕಾಣೋದು ಬೇಡ. ಆಫೀಸಿಗೆ ಹೋಗದ ದಿನಗಳ ವಿಷಯ ಬೇರೆ ಪತ್ರದಲ್ಲಿ ಕೇಳಿ. ಎರಡನ್ನೂ ಕಲಸಿದ್ರೆ ಸುಲಭದ್ದೂ ತಡ ಆಗುತ್ತೆ.

ದಾರಿಹೋಕ:
(ಐದು ದಿನದ ಮೇಲೆ) 80 ವಾಪಸ್ ಬಂತು! ಪಾಸಾದ ಒಟ್ಟು ಈಗ 844. ಇನ್ನೊಂದು ಪತ್ರ ಮೇಲಿನವರ ಹತ್ರ ಹೋಗಿದೆಯಂತೆ. ಲೆಕ್ಕದಕ್ಕ, ನಿಮಗೆ ಎಷ್ಟು ಹೇಳಿದ್ರೂ ಸಾಲದು.

ಸಿಗ್ನಲ್ ಸೀನ:
ಆ್ಯಪ್ ಮತ್ತು ಮೀಟರ್ ಮಧ್ಯೆ 87 ಕಿ.ಮೀ. ವ್ಯತ್ಯಾಸ ಇನ್ನೂ ಬಗೆಹರಿದಿಲ್ಲ. ಸೆಟ್ಟಿಂಗ್ ಬದಲಾಯಿಸಿದ ಮೇಲೆ ಎಷ್ಟು ಬರ್ತಿದೆ?

ದಾರಿಹೋಕ:
ನಿನ್ನೆ ಮೀಟರ್ 54, ಆ್ಯಪ್ 52. ಮ್ಯಾಪ್ ತೆಗೆದು ನೋಡಿದ್ರೆ ಗೆರೆ ಶುರುವಾಗೋದೇ ಮನೆಯಿಂದ ಎರಡು ಸಿಗ್ನಲ್ ದಾಟಿದ ಮೇಲೆ.

ಸಿಗ್ನಲ್ ಸೀನ:
ಗಾಡಿ ಚಲಿಸ್ತಿದೆ ಅಂತ ಅದಕ್ಕೆ ತಡವಾಗಿ ಗೊತ್ತಾಗ್ತಿದೆ. ತಾನಾಗೇ ಶುರುವಾಗೋದನ್ನ ಆಫ್ ಮಾಡಿ, ಹತ್ತಿದ ತಕ್ಷಣ ಕೈಯಲ್ಲೇ ಒತ್ತಿ.

ಲೆಕ್ಕದಕ್ಕ:
ಆ್ಯಪ್ ಏನೇ ಇರಲಿ, ನೋಟ್‌ಬುಕ್ ಮಾತ್ರ ಬಿಡಬೇಡಿ. ತಾರೀಕು, ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ, ಮೀಟರ್ ಎರಡೂ ತುದಿ. ತಿಂಗಳ ಕೊನೆಗೆ ನೆನಪಿಂದ ಬರೆದದ್ದಕ್ಕಿಂತ ಅವತ್ತಿನವತ್ತೇ ಬರೆದದ್ದಕ್ಕೆ ತೂಕ ಜಾಸ್ತಿ. ಹಾಂ, ಇನ್ನೊಂದು: ನಿಮ್ಮ ಕಾರಿನ ಇನ್ಶೂರೆನ್ಸ್‌ನಲ್ಲಿ ಕೆಲಸದ ಓಡಾಟಕ್ಕೆ ರಕ್ಷಣೆ ಇದ್ಯಾ, ಇಲ್ಲಾ ಸ್ವಂತ ಬಳಕೆಗೆ ಮಾತ್ರ ಅಂತ ಬರೆದಿದ್ಯಾ? ಅಪಘಾತ ಆದ ಮೇಲೆ ಅದನ್ನ ಓದೋ ಹಾಗೆ ಆಗ್ಬಾರದು.

ದಾರಿಹೋಕ:
ನೋಡೇ ಇಲ್ಲ. ಕಾಗದ ಮನೇಲಿದೆ, ರಾತ್ರಿ ಓದಿ ಹಾಕ್ತೀನಿ.

ಹೈವೇ ಹರಿ:
ವೈರಿಂಗ್ ಫೋಟೋ ಕೇಳಿದ್ರಲ್ಲ ಮಾವ, ಹಾಕಿದ್ದೀನಿ ನೋಡಿ. ಹಿಂದಿನ ಕ್ಯಾಮೆರಾ ತಂತಿ ಬಾಗಿಲ ರಬ್ಬರ್ ಒಳಗೇ ಹೋಗಿದೆ.