ಅಪ್‌ಡೇಟ್: ಚೈನಿನ ಕರಕರ ಸದ್ದು ನಿಂತಿತು

ಬೈಕಿನ ಚೈನು ತೊಳೆದು ಎಣ್ಣೆ ಹಾಕಿದರೂ ಕರಕರ ಅನ್ನುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಸದ್ದು ಪೂರ್ತಿ ನಿಂತಿದೆ.

ಕೆಲಸ ಮಾಡಿದ್ದು ಸೀಮೆಎಣ್ಣೆ ಮತ್ತು ಗೇರ್ ಆಯಿಲ್ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತಾ ಸೀಮೆಎಣ್ಣೆ ಹಚ್ಚಿದ ಮೆತ್ತನೆಯ ಬ್ರಷ್‌ನಿಂದ ಚೈನನ್ನು ಉಜ್ಜಿದೆ. ಒರೆಸಿ, ಚೆನ್ನಾಗಿ ಒಣಗಿದ ಮೇಲೆ 80ಡಬ್ಲ್ಯು-90 ದರ್ಜೆಯ ಗೇರ್ ಆಯಿಲನ್ನು ಚೈನಿನ ಒಳಬದಿಗೆ ಹನಿ ಹನಿಯಾಗಿ ಬಿಟ್ಟೆ. ಚಕ್ರ ತಿರುಗುವಾಗ ಅದು ತಾನಾಗಿ ಹೊರಗಡೆಗೆ ಹರಡುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಹೆಚ್ಚಾದದ್ದನ್ನು ಒರೆಸಿದೆ. ಇದನ್ನು ಮಾತ್ರ ತಪ್ಪಿಸಬೇಡಿ. ಇಲ್ಲದಿದ್ದರೆ ರಿಮ್ಮಿಗೆಲ್ಲ ಸಿಡಿಯುತ್ತದೆ, ಧೂಳೂ ಜಾಸ್ತಿ ಅಂಟುತ್ತದೆ.

ತುಕ್ಕು ಬಿಡಿಸುವ ತೆಳು ಸ್ಪ್ರೇ ಹೊಡೆಯುವ ಸಲಹೆ ಫಲ ಕೊಡಲಿಲ್ಲ. ಸ್ವಲ್ಪ ಓಡಿಸುವಷ್ಟರಲ್ಲೇ ಸದ್ದು ವಾಪಸ್ ಬಂತು. ಪೆಟ್ರೋಲ್, ವೈರ್ ಬ್ರಷ್ ಎರಡನ್ನೂ ಬಳಸಲಿಲ್ಲ, ಅವು ಓ-ರಿಂಗ್‌ಗಳನ್ನು (ಚೈನಿನ ಕೊಂಡಿಗಳ ನಡುವೆ ಇರುವ ಸಣ್ಣ ರಬ್ಬರ್ ಬಳೆಗಳು) ಹಾಳುಮಾಡುತ್ತವೆ.

ನನಗೆ ಆಶ್ಚರ್ಯ ಅನ್ನಿಸಿದ್ದು ಇದು: ಓ-ರಿಂಗ್ ಚೈನಿನಲ್ಲಿ ಕೊಂಡಿಗಳನ್ನು ಜೋಡಿಸುವ ಪಿನ್ನುಗಳಿಗೆ ಬೇಕಾದ ಗ್ರೀಸನ್ನು ತಯಾರಿಸುವಾಗಲೇ ಒಳಗೆ ತುಂಬಿ ಸೀಲ್ ಮಾಡಿರುತ್ತಾರೆ. ನಾವು ಮೇಲೆ ಹಾಕುವ ಎಣ್ಣೆ ರೋಲರ್‌ಗಳಿಗೆ, ರಬ್ಬರ್ ಒಣಗದಿರಲು, ತುಕ್ಕು ಹಿಡಿಯದಿರಲು. ರಿಂಗ್ ಹರಿದರೆ ಒಳಗಿನ ಗ್ರೀಸ್ ಹೋಗುತ್ತದೆ, ಆಮೇಲೆ ಎಷ್ಟು ಎಣ್ಣೆ ಹಾಕಿದರೂ ಅದು ತುಂಬುವುದಿಲ್ಲ.

ಚೈನಿನ ಸಡಿಲವನ್ನೂ ಮ್ಯಾನ್ಯುಯಲ್ ನೋಡಿ ಸರಿಮಾಡಿದೆ.